ಏಳನೇ ಬಾವಿಯ ಎರಡನೇ ಕಾಲು

ಸಹಿ ಹಾಕುವುದಿಲ್ಲ ಎಂದು ರುಕ್ಮಿಣಮ್ಮ ಹೇಳಿ ಹೇಳಿ ಸಾಕಾಗಿತ್ತು. ಮೇಲ್ ಬರೆದು ಹೇಳಿದರು, ಫೋನಿನಲ್ಲಿ ಹೇಳಿದರು. ಕೊನೆಗೆ ಕಳಸದ ಪೇಟೆಯಲ್ಲಿ ಜೀಪಿಗೆ ಗೊಬ್ಬರದ ಚೀಲ ಹಾಕಿಸಿಕೊಳ್ಳುತ್ತಿದ್ದಾಗ ಬಂದ ಕರೆಗೂ ನಡುರಸ್ತೆಯಲ್ಲೇ ನಿಂತು, ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಹೇಳಿದರು. ಅಷ್ಟಾದರೂ ಕಂಪನಿಯವರ ತಲೆಗೆ ಹೋಗಲಿಲ್ಲ. ಈ ದೊಡ್ಡ ಕಂಪನಿಗಳಿಗೆ ಅದೊಂದು ಚಾಳಿ. ಇಲ್ಲ ಎಂದರೆ ಅವರ ಕಿವಿಗೆ ಇನ್ನೂ ಸ್ವಲ್ಪ ಬೆಣ್ಣೆ ಹಚ್ಚಿ ನೋಡಿ ಎಂದೇ ಕೇಳಿಸುತ್ತದೆ. ಹಚ್ಚಿದ್ದಕ್ಕೂ ಬಗ್ಗಲಿಲ್ಲ ಎಂದಾಗ ಅವರು ಹೂಡಿದ ಉಪಾಯ ನೋಡಿ: ಆಕೆಯ ಅಕ್ಕನ ಮಗಳನ್ನೇ ಮನೆಗೆ ಅಟ್ಟಿದರು.

ವಿಷಯ ಇಷ್ಟು. ಪೂರ್ವ ಕರಾವಳಿಯಲ್ಲಿ, ಸಮುದ್ರಕ್ಕೆ ಹತ್ತಿರದ ಗದ್ದೆಬಯಲಿನ ಅಡಿಯಲ್ಲಿ, ಬಹಳ ಆಳಕ್ಕೆ ಹೋದರೆ ಒಂದು ಮರಳುಗಲ್ಲಿನ ಪದರ ಸಿಗುತ್ತದೆ. ಅದರ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಲ್ಲಿ ಕೋಟ್ಯಂತರ ವರ್ಷ ಗ್ಯಾಸ್ ತುಂಬಿಕೊಂಡಿತ್ತು. ಮೇಲೆ ಜೇಡಿಗಲ್ಲಿನ ದಪ್ಪ ಮುಚ್ಚಳ. ಮನುಷ್ಯರು ಬಾವಿ ಕೊರೆದರು, ಗ್ಯಾಸ್ ತೆಗೆದರು, ಒಲೆಗೂ ಕಾರ್ಖಾನೆಗೂ ಉರಿಸಿ ಮುಗಿಸಿದರು. ಈಗ ಪದರ ಬರಿದು. ಬರಿದಾದದ್ದನ್ನೇ ಉಗ್ರಾಣ ಮಾಡಿಕೊಳ್ಳೋಣ, ಹಡಗಿನಲ್ಲಿ ಗ್ಯಾಸ್ ಧಾರಾಳವಾಗಿ ಬಂದಾಗ ಒಳಗೆ ತುಂಬಿಡೋಣ, ಅಭಾವ ಬಂದಾಗ ತೆಗೆಯೋಣ ಎಂದು ಬೆಂಗಳೂರಿನ ಕಂಪನಿಯೊಂದು ಹೊರಟಿತ್ತು. ಯೋಚನೆ ಕೆಟ್ಟದ್ದೇನಲ್ಲ. ರುಕ್ಮಿಣಮ್ಮನೇ ಅದನ್ನು ಬುದ್ಧಿವಂತರ ಕೆಲಸ ಎನ್ನುತ್ತಿದ್ದರು. ಆದರೆ ತುಂಬುವ ಮೊದಲು ಉತ್ತರ ಸಿಗಬೇಕಾದ ಪ್ರಶ್ನೆಗಳಿವೆ. ಎಷ್ಟು ಹಿಡಿಯುತ್ತದೆ, ಎಷ್ಟು ಬೇಗ ತುಂಬಿ ತೆಗೆಯಬಹುದು ಎನ್ನುವುದನ್ನು ಕಂಪನಿಯೇ ಲೆಕ್ಕ ಹಾಕಬಹುದು. ಎಲ್ಲಿಯೂ ಸೋರುವುದಿಲ್ಲ ಎಂಬುದಕ್ಕೆ ಮಾತ್ರ ಹೊರಗಿನ ತಜ್ಞರೊಬ್ಬರು ಸಹಿ ಹಾಕಬೇಕು. ಅದು ಪರಿಶೀಲನಾ ಸಮಿತಿಯ ನಿಯಮ. ಆ ಹೊರಗಿನ ತಜ್ಞೆ ನಮ್ಮ ರುಕ್ಮಿಣಮ್ಮ.

ಸಂಸೆಯಿಂದ ಮೇಲೆ ಜೀಪು ಏದುಸಿರು ಬಿಡುತ್ತ ಹತ್ತುವ ದಾರಿಯ ತುದಿಯಲ್ಲಿ ಆಕೆಯ ತೋಟ. ಸರ್ಕಾರಿ ತೈಲ ಸಂಸ್ಥೆಯಲ್ಲಿ ಭೂವಿಜ್ಞಾನಿಯಾಗಿ ಸವೆದು ನಿವೃತ್ತಿಯಾದ ಮೇಲೆ, ತಂದೆಯ ಪಾಲಿನಿಂದ ಬಂದ ಕಾಫಿ, ಮೆಣಸು ನೋಡಿಕೊಂಡು ಅಲ್ಲೇ ಉಳಿದರು. ಮದುವೆ ಆಗಲಿಲ್ಲ. ಪುರುಸೊತ್ತು ಇರಲಿಲ್ಲ ಎನ್ನುತ್ತಿದ್ದರು, ಆ ಮಾತು ಬಂದಾಗ ಮತ್ತೆ ಕೇಳಬೇಡಿ ಎನ್ನುವ ದನಿಯಲ್ಲಿ. ಊರಿನವರು ಆಕೆಯನ್ನು ಕಲ್ಲು ರುಕ್ಮಿಣಮ್ಮ ಎಂದು ಕರೆಯುತ್ತಿದ್ದರು. ಕಲ್ಲನ್ನು ಓದಿದವರು ಎಂಬುದೊಂದು ಕಾರಣವಾದರೆ, ಒಮ್ಮೆ ಇಲ್ಲ ಎಂದ ಮೇಲೆ ಆಕೆಯನ್ನು ಅಲ್ಲಾಡಿಸಲು ಹೋಗಿ ಕೈ ನೋಯಿಸಿಕೊಂಡವರು ಸುತ್ತಮುತ್ತ ಬೇಕಾದಷ್ಟು ಜನ ಇದ್ದರು ಎಂಬುದು ಇನ್ನೊಂದು.

ಅಕ್ಕನ ಮಗಳು ಕೃತಿಕಾ ಬಂದದ್ದು ಕೊಯ್ಲಿನ ದಿನಗಳಲ್ಲಿ. ಕೊಯ್ದ ಹಣ್ಣು ಅಳೆದು ಹಾಕಿ ಹೆಂಗಸರು ಮನೆಗೆ ಹೊರಟಿದ್ದ ಹೊತ್ತು. ಕಾರಿನಿಂದ ಇಳಿದವಳೇ ಚಿಕ್ಕಮ್ಮನ ಕಾಲಿಗೆ ಬಿದ್ದಳು. ರುಕ್ಮಿಣಮ್ಮನಿಗೆ ಆಗಲೇ ಗೊತ್ತಾಯಿತು. ಹಬ್ಬಕ್ಕೂ ಕಾಲು ಮುಟ್ಟದ ಹುಡುಗಿ ಇವತ್ತು ಬಾಗಿಲಲ್ಲೇ ಬಗ್ಗಿದಳೆಂದರೆ ಬಂದ ಕೆಲಸ ಸಲೀಸಿನದಲ್ಲ. ಎದೆಯಲ್ಲಿ ಪ್ರೀತಿ ಉಕ್ಕಿತು, ಅದರ ಹಿಂದೆಯೇ ಸಿಟ್ಟೂ ಉಕ್ಕಿತು. ಈ ಮಗುವಿಗೆ ಚಿಕ್ಕಂದಿನಲ್ಲಿ ಹೊಳೆಯ ಕಲ್ಲು ಒಡೆದು ಅದರ ಹೊಟ್ಟೆ ತೋರಿಸಿದವರೇ ಆಕೆ. ಇದೇ ಓದು ಓದಿಸು ಎಂದು ಆಲ್ದೂರಿನ ಅಕ್ಕನ ಜೊತೆ ಜಗಳ ಮಾಡಿದವರೂ ಆಕೆಯೇ. ಅದೇ ಮಗುವನ್ನು ಈಗ ತನ್ನ ಮೇಲೆ ಛೂ ಬಿಟ್ಟಿದ್ದಾರಲ್ಲ, ಈ ಜನಕ್ಕೆ ಮಾನ ಮರ್ಯಾದೆ ಬೇಡವೇ ಎಂದುಕೊಂಡರು.

ಊಟಕ್ಕೆ ಕೂತಾಗ ಕೃತಿಕಾ ಬಾಯಿ ಬಿಟ್ಟಳು. ಬರಿದಾದ ಪದರದ ಅಧ್ಯಯನಕ್ಕೆ ಅವಳೇ ಮುಖ್ಯಸ್ಥೆ. ಎರಡು ವರ್ಷ ನಿದ್ದೆಗೆಟ್ಟು ಮಾಡಿದ ಕೆಲಸ. ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕವನ್ನು ಹಳೆಯ ಒತ್ತಡದ ಅಂಕಿಗಳಿಂದ ಎಷ್ಟು ಚೆನ್ನಾಗಿ ತೆಗೆದಿದ್ದಳೆಂದರೆ, ಅದನ್ನು ಓದಿದ ದಿನ ರುಕ್ಮಿಣಮ್ಮ ಭೂತಯ್ಯನನ್ನು ಕರೆದು ನಮ್ಮ ಹುಡುಗಿ ನೋಡೋ ಎಂದು ಹೆಮ್ಮೆಪಟ್ಟಿದ್ದರು. ಭೂತಯ್ಯ ತೋಟದ ಮೇಸ್ತ್ರಿ. ಅವನಿಗೆ ಅದರಲ್ಲಿ ಒಂದಕ್ಷರ ಅರ್ಥವಾಗದಿದ್ದರೂ ಹೌದು ಅಮ್ಮ, ಭಾರಿ ಉಂಟು ಅಂದಿದ್ದ. ನಾಳೆ ಮಧ್ಯಾಹ್ನ ಸಮಿತಿಯ ಕೊನೆಯ ಸಭೆ. ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ. ಸೋರುವುದಿಲ್ಲ ಎಂಬ ಸಹಿಯೊಂದು ಬಿದ್ದರೆ ಒಪ್ಪಿಗೆ ಸಿಗುತ್ತದೆ, ಮುಂದಿನ ತಿಂಗಳೇ ತುಂಬಲು ಶುರು. ಬೀಳದಿದ್ದರೆ ಯೋಜನೆ ಒಂದು ವರ್ಷ ನಿಲ್ಲುತ್ತದೆ, ಅದರ ಮುಖ್ಯಸ್ಥೆಯ ಕುರ್ಚಿಯೂ ನಿಲ್ಲುವುದಿಲ್ಲ.

"ಆ ಮುಚ್ಚಳ ಕೋಟಿ ವರ್ಷ ಗ್ಯಾಸ್ ತಡ್ದಿದೆ ಚಿಕ್ಕಮ್ಮ," ಅಂದಳು. "ಮೊದ್ಲು ಎಷ್ಟು ಒತ್ತಡ ಇತ್ತೋ ಅದಕ್ಕಿಂತ ಒಂದು ಚೂರೂ ಜಾಸ್ತಿ ನಾವು ತುಂಬಲ್ಲ. ತಡೆದದ್ದು ಮತ್ತೆ ತಡೆಯಲ್ವಾ?"

"ತಡೀತು, ನಿಜ. ಆಗ ಅದಕ್ಕೆ ಯಾರೂ ತೂತು ಹಾಕಿರ್ಲಿಲ್ಲ ಮಾರಾಯ್ತಿ. ಹಾಕ್ದೋರು ನಾವು."

ಹಾಕಿದ ತೂತುಗಳೆಲ್ಲ ಲೆಕ್ಕದಲ್ಲಿವೆ, ಹಳೆಯ ಹನ್ನೊಂದು ಬಾವಿಗಳನ್ನೂ ಸಿಮೆಂಟ್ ತುಂಬಿ ಮುಚ್ಚಿದ್ದೇವೆ, ಒಂದೊಂದನ್ನೂ ಪರೀಕ್ಷೆ ಮಾಡಿದ್ದೇವೆ ಎಂದು ಕೃತಿಕಾ ವಾದಿಸಿದಳು. ತಾನು ಕಂಪನಿಗೆ ಬರೆದು ಹೇಳಿದ ಕಾರಣ ಇವಳವರೆಗೆ ಬಂದೇ ಇಲ್ಲ ಎಂದು ತಿಳಿದು, ರುಕ್ಮಿಣಮ್ಮ ಅನ್ನದ ತಟ್ಟೆ ಸರಿಸಿ, ಏಳನೇ ಬಾವಿಯ ಕಥೆ ಹೇಳಿದರು.

ಆಗ ಆಕೆಗೆ ಇಪ್ಪತ್ತೈದರ ಆಸುಪಾಸು. ಕೊರೆಯುವ ಜಾಗಕ್ಕೆ ಹೆಂಗಸನ್ನು ಕಳಿಸಿದ್ದೇ ಒಂದು ಸುದ್ದಿಯಾಗಿದ್ದ ಕಾಲ. ಏಳನೇ ಬಾವಿ ಮುಚ್ಚಳ ದಾಟಿ ಗ್ಯಾಸಿನ ಪದರ ಮುಟ್ಟಿದ ಮೇಲೆ ಕೊಳವೆ ಸಿಕ್ಕಿಬಿತ್ತು. ಅಂಟುಜೇಡಿಗಲ್ಲು ಊದಿಕೊಂಡು ಅದನ್ನು ಕಚ್ಚಿ ಹಿಡಿಯಿತು. ಎಳೆದರು, ತಿರುಗಿಸಿದರು, ಎಣ್ಣೆ ಸುರಿದರು, ಬೈದರು. ಬರಲಿಲ್ಲ. ಕೊನೆಗೆ ಕೊಳವೆಯನ್ನು ಮಧ್ಯದಲ್ಲಿ ಕತ್ತರಿಸಿ, ಕೆಳಗಿನ ಭಾಗವನ್ನು ಇದ್ದಲ್ಲೇ ಬಿಟ್ಟರು. ಅದರ ಮೇಲೆ ಹೆಸರಿಗೊಂದಿಷ್ಟು ಸಿಮೆಂಟ್ ಸುರಿದು, ಅಲ್ಲಿಂದ ಪಕ್ಕಕ್ಕೆ ತಿರುಗಿಸಿ ಹೊಸದಾಗಿ ಕೊರೆದುಕೊಂಡು ಹೋದರು. ಮೇಲಿನಿಂದ ನೋಡಿದರೆ ಬಾವಿಯ ಬಾಯಿ ಒಂದೇ. ಕೆಳಗೆ ಕಾಲು ಎರಡು. ಕೊರೆಯುವವರ ರೂಢಿಯಲ್ಲಿ ಬಾವಿ ಎಣಿಸುವುದು ಬಾಯಿಯಿಂದ. ಹಾಗಾಗಿ ಏಳನೆಯದು ಏಳನೆಯದಾಗಿಯೇ ಉಳಿಯಿತು. ಮುಂದೆ ಜಾಗ ಕೈಯಿಂದ ಕೈಗೆ ದಾಟುವಾಗ ಗ್ಯಾಸ್ ಕೊಟ್ಟ ಕಾಲು ಮಾತ್ರ ಎಲ್ಲರ ಲೆಕ್ಕದಲ್ಲಿ ಉಳಿದುಕೊಂಡಿತು. ಇನ್ನೊಂದು ಕಾಲು ಮುಚ್ಚಳವನ್ನು ತೂರಿಕೊಂಡು, ಸರಿಯಾಗಿ ಮುಚ್ಚದೆ, ಹಾಗೇ ನಿಂತಿದೆ.

"ತುಂಬಿದ ಗ್ಯಾಸು ಆ ಕೊಳವೆ ಪಕ್ಕದ ಸಂದಿಯಲ್ಲಿ ಮೇಲಕ್ಕೆ ಬರ್ತದೆ. ಮುಚ್ಚಳದ ಮೇಲೊಂದು ಮರಳು ಉಂಟಲ್ಲ, ಅಲ್ಲಿಗೆ. ಅಲ್ಲಿಂದ ಊರಿನ ಬೋರ್‌ವೆಲ್ಲಿಗೆ. ಯಾರೋ ಒಬ್ಳು ಬೆಳಿಗ್ಗೆ ಪಂಪ್ ಹಾಕಿ ಪಕ್ಕದಲ್ಲಿ ಒಲೆ ಹಚ್ತಾಳೆ. ಆಮೇಲೆ ಏನಾಗ್ತದೆ ಹೇಳು ನೋಡುವ."

ಆ ಕಾಲಿಗೆ ಎಲ್ಲೂ ದಾಖಲೆ ಇಲ್ಲವಲ್ಲ ಎಂದು ಕೃತಿಕಾ ಗೊಣಗಿದಳು. ದಾಖಲೆ ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತದೆಯೇ ಎಂದು ರುಕ್ಮಿಣಮ್ಮ ರೇಗಿದರು. ಒಳಗೆ ಉಳಿದಿರುವುದು ಕಬ್ಬಿಣದ ಕೊಳವೆ, ಪಕ್ಕದ ಕಾಲಿಗೆ ಉಪಕರಣ ಇಳಿಸಿ ಹುಡುಕಿದರೆ ಸಿಕ್ಕೇ ಸಿಗುತ್ತದೆ, ಹುಡುಕಿ, ಹೊಸದಾಗಿ ಕೊರೆದು ತಲುಪಿ, ಸರಿಯಾಗಿ ಮುಚ್ಚಿ ಬನ್ನಿ, ಅವತ್ತು ಎರಡೂ ಕೈಯಲ್ಲಿ ಸಹಿ ಹಾಕುತ್ತೇನೆ ಎಂದರು. ಆಮೇಲೆ ಏನೋ ಹೊಳೆದವರಂತೆ, ಪ್ರಯೋಗಕ್ಕೆ ಸ್ವಲ್ಪ ಗ್ಯಾಸ್ ತುಂಬಿ ನೋಡಿದಾಗ ಮೇಲಿನ ಮರಳಿನಲ್ಲಿ ಒತ್ತಡದ ಮಾಪಕ ಇಟ್ಟಿದ್ದಿರಾ ಎಂದು ಕೇಳಿದರು. ಇಟ್ಟಿದ್ದೆವು, ಸ್ವಲ್ಪ ಏರಿತ್ತು, ಆದರೆ ಮಾಪಕ ಕೆಟ್ಟಿತ್ತು, ಬದಲಾಯಿಸಿದೆವು ಅಂದಳು ಕೃತಿಕಾ. ಬದಲಾಯಿಸಿದ ಮೇಲೆ ಏನು ತೋರಿಸಿತು ಎಂದು ಕೇಳುವಷ್ಟರಲ್ಲಿ ಆಲ್ದೂರಿನಿಂದ ಅಕ್ಕ ಸರೋಜಮ್ಮನ ಫೋನು ಬಂತು.

ಆ ಫೋನು ಬಂದದ್ದೇ ತಡ, ಮಾಪಕ ಗೀಪಕ ಎಲ್ಲ ಗಾಳಿಗೆ ಹೋಯಿತು. ಸರೋಜಮ್ಮ ಮೊದಲು ಅತ್ತರು, ಆಮೇಲೆ ಬೈದರು. ನೀನಂತೂ ಮನೆ ಮಕ್ಕಳು ಅಂತ ಕಟ್ಟಿಕೊಳ್ಳಲಿಲ್ಲ, ನನಗಿದ್ದೊಬ್ಬ ಮಗಳ ಬಾಳಿಗೂ ಕಲ್ಲು ಹಾಕುತ್ತೀಯಾ, ನಿನ್ನ ಒಂದು ಸಹಿಯಲ್ಲಿ ನಿನ್ನ ಗಂಟೇನು ಹೋಗುತ್ತದೆ ಎಂದರು. ರುಕ್ಮಿಣಮ್ಮ ಅದಕ್ಕೆ ತಕ್ಕ ಹಾಗೆ ಉತ್ತರ ಕೊಟ್ಟರು. ಅಕ್ಕತಂಗಿಯರು ಮಾತಿಗೆ ಮಾತು ಬೆಳೆಸಿ, ಸತ್ತುಹೋದ ಅಪ್ಪನವರೆಗೂ ಹೋಗಿ ಬಂದರು. ಮಕ್ಕಳಿಲ್ಲದವಳು ಎಂಬ ಆ ಮಾತು ತಾಗಿತ್ತು. ಚೆನ್ನಾಗಿಯೇ ತಾಗಿತ್ತು. ಕೃತಿಕಾ ಎದ್ದು ಕೈ ತೊಳೆದು, ಮಲಗಲು ಹೋಗಿಬಿಟ್ಟಿದ್ದಳು.

ಬೆಳಿಗ್ಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೀರುದೋಸೆ ಹಾಕಿದರು, ತಿಂದಳು, ಅಷ್ಟೆ. ಒಂದು ವಿಷಯ ಮಾತ್ರ ಇಬ್ಬರಿಗೂ ತಪ್ಪಿಸಿಕೊಳ್ಳಲಾಗದಂತಿತ್ತು. ಈ ತೋಟದಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದಲ್ಲಿ, ಅದೂ ಅದರ ಮೇಲಿನ ಅಂಚಿನಲ್ಲಿ. ಅಲ್ಲಿಂದ ಗುಡ್ಡದ ಸಂದಿಯಲ್ಲಿ ಟವರ್ ಕಾಣುತ್ತದೆ. ಮನೆಯೊಳಗೆ ಮಾತಾಡುವಷ್ಟು ಫೋನು ಒಂದು ಕಂಬದ ಪಕ್ಕ ಸಿಗುತ್ತಿತ್ತು, ಆದರೆ ಪರದೆಯ ಮೇಲೆ ಮುಖ ಮೂಡುವಷ್ಟು ನೆಟ್‌ವರ್ಕ್ ಬೇಕೆಂದರೆ ಕಣಕ್ಕೇ ಬರಬೇಕು. ಹಾಗಾಗಿ ಮಧ್ಯಾಹ್ನ ಒಂದೇ ಸಭೆಗೆ ಚಿಕ್ಕಮ್ಮ ಒಂದು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಮಗಳು ಇನ್ನೊಂದು ಸ್ಟೂಲಿನ ಮೇಲೆ ಇಟ್ಟುಕೊಂಡು, ನಾಲ್ಕು ಮಾರು ದೂರದಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತರು. ಮುಂದೆ ಪಾರ್ಚ್‌ಮೆಂಟ್, ಎಂದರೆ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ, ಹರಡಿತ್ತು. ಹೆಂಗಸರು ಮರದ ಹಲಗೆಯಲ್ಲಿ ಅದನ್ನು ಎಳೆದು ತಿರುವಿ ಹಾಕುತ್ತ, ಇವತ್ತು ಅಮ್ಮೋರ ಮನೆಯಲ್ಲಿ ಏನೋ ನಡೆದಿದೆ ಎಂದು ಕಣ್ಣಲ್ಲೇ ಮಾತಾಡಿಕೊಂಡರು. ಭೂತಯ್ಯ ಅವರನ್ನು ಗದರಿಸುವ ನೆವದಲ್ಲಿ ತಾನೂ ಹತ್ತಿರದಲ್ಲೇ ಸುಳಿದಾಡುತ್ತಿದ್ದ.

ಸಭೆಯ ಮಾತು ಬಹುಪಾಲು ಇಂಗ್ಲಿಷಿನಲ್ಲಿ ನಡೆಯಿತು. ನಮಗೇಕೆ ಆ ಕಷ್ಟ, ಕನ್ನಡದಲ್ಲೇ ಕೇಳೋಣ. ಸಮಿತಿಯ ಅಧ್ಯಕ್ಷರು ಗಂಗಾಧರಪ್ಪ ಎಂಬ ವಯಸ್ಸಾದವರು, ಹೆಚ್ಚು ಮಾತಿಲ್ಲದ ಮನುಷ್ಯ. ಕಂಪನಿಯ ಕಡೆಯಿಂದ ಯೋಜನೆಯ ನಿರ್ದೇಶಕ ಹರ್ಷವರ್ಧನ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಅವನು ಕೃತಿಕಾಳನ್ನು ಮುಂದೆ ಬಿಟ್ಟ. ಅವಳು ಪದರದ ಚಿತ್ರಗಳನ್ನು ತೋರಿಸಿದಳು, ಎಷ್ಟು ಹಿಡಿಯುತ್ತದೆ ಎಂಬುದನ್ನು ವಿವರಿಸಿದಳು. ಕೇಳಿದ ಪ್ರಶ್ನೆಗಳಿಗೆಲ್ಲ ತಡವರಿಸದೆ ಉತ್ತರ ಕೊಟ್ಟಳು. ಬೆನ್ನು ತಿರುಗಿಸಿ ಕೂತಿದ್ದರೂ ರುಕ್ಮಿಣಮ್ಮನ ಕಿವಿ ಅಲ್ಲೇ ಇತ್ತು. ಎಷ್ಟು ಚೆನ್ನಾಗಿ ಹೇಳುತ್ತಾಳೆ ಕತ್ತೆ ಎಂದುಕೊಂಡರು. ಇಷ್ಟು ಗೊತ್ತಿದ್ದೂ ಒಂದು ಕಾಲನ್ನು ಬಿಟ್ಟುಬಿಡುತ್ತಾಳಲ್ಲ ಎಂದು ನೊಂದುಕೊಂಡರು.

ಆಮೇಲೆ ಹರ್ಷವರ್ಧನ, ಸೋರಿಕೆಯ ವಿಷಯದಲ್ಲಿ ತಜ್ಞರದ್ದು ತಾತ್ವಿಕ ಒಪ್ಪಿಗೆ ಇದೆ, ಸಹಿ ಒಂದು ಔಪಚಾರಿಕತೆ ಮಾತ್ರ ಬಾಕಿ ಎಂದುಬಿಟ್ಟ. ಸುಳ್ಳು! ಹಸಿಹಸಿ ಸುಳ್ಳು. ರುಕ್ಮಿಣಮ್ಮನಿಗೆ ನೆತ್ತಿಗೇರಿತು. ಅಧ್ಯಕ್ಷರೇ, ನನ್ನ ಒಪ್ಪಿಗೆ ತಾತ್ವಿಕವಾಗಿಯೂ ಇಲ್ಲ, ಔಪಚಾರಿಕವಾಗಿಯೂ ಇಲ್ಲ, ಏಳನೇ ಬಾವಿಗೆ ಎಂದು ಶುರು ಮಾಡಿದರು. ಅಷ್ಟರಲ್ಲಿ ಹರ್ಷವರ್ಧನ ಕೈ ಎತ್ತಿ, ಕ್ಷಮಿಸಿ, ಮ್ಯಾಡಮ್ ಅವರ ಧ್ವನಿ ಒಡೆಯುತ್ತಿದೆ, ಅವರು ಕಾಡಿನೊಳಗಿನ ಊರಿನಲ್ಲಿದ್ದಾರೆ, ಅಲ್ಲಿ ನೆಟ್‌ವರ್ಕ್ ಕಡಿಮೆ, ಅವರ ಅಭಿಪ್ರಾಯ ಆಮೇಲೆ ಬರವಣಿಗೆಯಲ್ಲಿ ತೆಗೆದುಕೊಳ್ಳೋಣ ಎಂದ. ಸಭೆಯ ಗುಂಡಿಗಳೆಲ್ಲ ಕಂಪನಿಯವರ ಕೈಯಲ್ಲಿದ್ದವು. ರುಕ್ಮಿಣಮ್ಮನ ಪರದೆಯ ಮೂಲೆಯಲ್ಲಿ ಮೈಕಿನ ಚಿತ್ರದ ಮೇಲೆ ಕೆಂಪು ಗೀಟು ಬಿತ್ತು. ಬಿಡಿಸಲು ಒತ್ತಿದರು. ಬಿಡಲಿಲ್ಲ. ಮತ್ತೆ ಒತ್ತಿದರು. ಅಧ್ಯಕ್ಷರು ಪಾಪ ಎನ್ನುವಂತೆ ತಲೆಯಾಡಿಸಿ, ಮಲೆನಾಡಿನಲ್ಲಿ ಇದೊಂದು ತೊಂದರೆ ನೋಡಿ ಎನ್ನುತ್ತಿದ್ದರು.

ಬೇರೆಯವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಲ್ ಬರೆಯುತ್ತಿದ್ದರು, ಅದು ಹತ್ತು ಜನರ ಕೈ ದಾಟಿ ತಣ್ಣಗಾಗುತ್ತಿತ್ತು, ಅಷ್ಟರಲ್ಲಿ ಗ್ಯಾಸ್ ತುಂಬಿಯೂ ಆಗಿರುತ್ತಿತ್ತು. ಆದರೆ ರುಕ್ಮಿಣಮ್ಮ ಎದ್ದು ನಿಂತರು. ಈ ಗುಡ್ಡದಿಂದ ಆ ಗುಡ್ಡದ ಕೆಲಸದವರನ್ನು ಕೂಗಿ ಕರೆದು ಪಳಗಿದ ಗಂಟಲು ಅದು. ಅದಕ್ಕೆ ಯಾವ ಮೈಕು ಬೇಕು?

"ಏಳನೇ ಬಾವಿಗೆ ಎರಡು ಕಾಲಿದೆ ಅಧ್ಯಕ್ಷರೇ!"

ಕೂಗು ಕಣ ದಾಟಿ ಎದುರಿನ ಗುಡ್ಡಕ್ಕೆ ಬಡಿಯಿತು. ಹೆಂಗಸರ ಹಲಗೆಗಳು ನಿಂತವು. ಆಮೇಲೆ ಒಂದು ವಿಚಿತ್ರ ನಡೆಯಿತು. ರುಕ್ಮಿಣಮ್ಮನ ಪರದೆಯಲ್ಲಿ ಅಧ್ಯಕ್ಷರು ಬೆಚ್ಚಿ ಮೇಲೆ ನೋಡಿದರು. ಎಲ್ಲರೂ ನೋಡಿದರು. ಮುಚ್ಚಿದ ಮೈಕಿನಿಂದ ಮಾತು ಹೇಗೆ ಹೋಯಿತು ಎಂದು ಆಕೆಗೇ ಒಂದು ಗಳಿಗೆ ತಿಳಿಯಲಿಲ್ಲ. ತಿರುಗಿ ನೋಡಿದರು. ನಾಲ್ಕು ಮಾರು ದೂರದಲ್ಲಿ ಕೃತಿಕಾಳ ಮೈಕು ಇನ್ನೂ ತೆರೆದೇ ಇತ್ತು. ಪ್ರಶ್ನೆಗಳಿಗೆ ಉತ್ತರ ಕೊಟ್ಟವಳು ಅದನ್ನು ಮುಚ್ಚಿರಲಿಲ್ಲ.

ಕೃತಿಕಾಳಿಗೂ ಅದೇ ಗಳಿಗೆಯಲ್ಲಿ ಗೊತ್ತಾಯಿತು. ಅವಳ ಬೆರಳು ಗುಂಡಿಯ ಮೇಲೆ ಹೋಯಿತು. ಹರ್ಷವರ್ಧನನ ನಗು ಮಾಯವಾಗಿತ್ತು. ಕೃತಿಕಾ, ನಿಮ್ಮ ಮೈಕ್ ಮುಚ್ಚಿ, ಅಲ್ಲಿ ಗದ್ದಲ ಇದೆ ಎಂದ. ಕೃತಿಕಾಳ ಮೈಕನ್ನು ಅವನೇ ಮುಚ್ಚುವಂತಿರಲಿಲ್ಲ, ಅಧ್ಯಕ್ಷರು ಅವಳನ್ನೇ ನೋಡುತ್ತಿದ್ದರು. ಮುಚ್ಚಬೇಡ ಎಂದು ರುಕ್ಮಿಣಮ್ಮ ಬೇಡಿಕೊಳ್ಳಲಿಲ್ಲ, ಮುಚ್ಚಿದರೆ ನೋಡು ಎಂದು ಗದರಲೂ ಇಲ್ಲ. ಮುಚ್ಚಿದರೆ ಏನು ಮಾಡುವುದು? ಅವಳ ಕೈಯಿಂದ ಕಸಿದುಕೊಳ್ಳುವುದೇ? ಅದಾಗದು. ಸಹಿ ಹಾಕದೆ ಇರುವುದು ತನ್ನ ಕೈಯಲ್ಲಿತ್ತು. ಈ ಮೈಕು ತನ್ನ ಕೈಯಲ್ಲಿರಲಿಲ್ಲ.

"ಸರ್," ಎಂದಳು ಕೃತಿಕಾ. ಬೆರಳು ಗುಂಡಿಯಿಂದ ಹಿಂದೆ ಬಂದಿತ್ತು. "ಈ ತೋಟದಲ್ಲಿ ನೆಟ್‌ವರ್ಕ್ ಸಿಗೋದು ಇದೊಂದೇ ಜಾಗದಲ್ಲಿ. ಚಿಕ್ಕಮ್ಮನೂ ಇಲ್ಲೇ ಇದಾರೆ. ಅವರ ಧ್ವನಿ ಒಡೀತಾ ಇಲ್ಲ. ನಿಮಗೆಲ್ಲ ಚೆನ್ನಾಗಿ ಕೇಳಿಸ್ತು ಅಂತ ನಂಬ್ಕೊಂಡಿದೀನಿ."

ಹೇಳಿದವಳೇ ತನ್ನ ಲ್ಯಾಪ್‌ಟಾಪನ್ನು ಎತ್ತಿ ಚಿಕ್ಕಮ್ಮನ ಕಡೆ ತಿರುಗಿಸಿದಳು. ರುಕ್ಮಿಣಮ್ಮ ಒಂದು ಉಸಿರು ಎಳೆದುಕೊಂಡು ಹೇಳಿದರು. ಕೊಳವೆ ಸಿಕ್ಕಿದ್ದು, ಕತ್ತರಿಸಿದ್ದು, ಪಕ್ಕಕ್ಕೆ ತಿರುಗಿದ್ದು, ಹೆಸರಿಗೆ ಸಿಮೆಂಟ್ ಸುರಿದದ್ದು, ಒಂದನ್ನೂ ಬಿಡಲಿಲ್ಲ. ಅಂದು ಆ ಜಾಗದಲ್ಲಿ ತಾನು ನಿಂತಿದ್ದೆ, ಕಣ್ಣಾರೆ ನೋಡಿದ್ದೆ ಎಂದರು. ನೀವು ಬಾಯಿ ಎಣಿಸಿದ್ದೀರಿ, ಕಾಲು ಎಣಿಸಿಲ್ಲ, ಆ ಕಾಲನ್ನು ಹುಡುಕಿ ಮುಚ್ಚುವ ತನಕ ನನ್ನ ಹೆಸರು ಈ ಯೋಜನೆಯ ಕೆಳಗೆ ಬರುವುದಿಲ್ಲ, ಬೇರೆಯವರ ಹೆಸರು ಹಾಕಿಸಿಕೊಂಡು ಬಂದರೆ ಅವರ ಪಕ್ಕದಲ್ಲೇ ನಿಂತು ಇದನ್ನೇ ಇನ್ನೊಮ್ಮೆ ಹೇಳುತ್ತೇನೆ ಎಂದರು. ಹಲಗೆ ಹಿಡಿದು ನಿಂತಿದ್ದ ಹೆಂಗಸರಿಗೆ ವಿಷಯ ಅರ್ಥವಾಗಿರಲಿಲ್ಲ. ಆದರೂ ಅಮ್ಮೋರು ಯಾರಿಗೋ ಸರಿಯಾಗಿ ಇಕ್ಕಿದರು ಎಂಬುದು ಗೊತ್ತಾಗಿ ಅವರ ಮುಖಗಳು ಅರಳಿದವು.

ಹರ್ಷವರ್ಧನ ಸೋಲೊಪ್ಪುವ ಗಿರಾಕಿಯಲ್ಲ. ಗೌರವದಿಂದಲೇ ಹೇಳುತ್ತೇನೆ, ಇದು ಮೂವತ್ತೈದು ನಲವತ್ತು ವರ್ಷದ ಹಿಂದಿನ ನೆನಪು, ನೆನಪನ್ನು ನಂಬಿ ರಾಷ್ಟ್ರದ ಕೆಲಸ ನಿಲ್ಲಿಸಲು ಬರುವುದಿಲ್ಲ, ಮುಚ್ಚಳ ಸೋರುತ್ತಿದ್ದರೆ ಪ್ರಯೋಗದಲ್ಲೇ ಮೇಲಿನ ಮಾಪಕ ಹೇಳಬೇಕಿತ್ತು, ಹೇಳಿಲ್ಲ ಎಂದ. ಅವನ ಮಾತಿನಲ್ಲಿ ತೂಕವಿತ್ತು. ಅಧ್ಯಕ್ಷರು ಗಡ್ಡ ಕೆರೆದುಕೊಂಡರು. ಹೌದಲ್ಲ, ಮಾಪಕ ಹೇಳಬೇಕಿತ್ತು ಎಂದು ರುಕ್ಮಿಣಮ್ಮನಿಗೂ ಅನಿಸಿತು.

"ಹೇಳಿದೆ," ಅಂದಳು ಕೃತಿಕಾ.

ಅವಳು ಪರದೆಯನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡಳು. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ಗಟ್ಟಿಯಿತ್ತು. ಪ್ರಯೋಗದಲ್ಲಿ ಗ್ಯಾಸ್ ತುಂಬಿದಾಗ ಮೇಲಿನ ಮಾಪಕ ಏರಿತು, ಮಾಪಕ ಕೆಟ್ಟಿದೆ ಎಂದು ನಾವೇ ತೀರ್ಮಾನ ಮಾಡಿ ಹೊಸದು ಇಳಿಸಿದೆವು, ಹೊಸದೂ ಏರಿತು, ಅದನ್ನೂ ಕೆಟ್ಟದ್ದು ಎಂದೇ ಬರೆದೆವು ಎಂದಳು. ಬರೆಯಲು ಹೇಳಿದವರು ಯಾರು ಎಂದು ಅಧ್ಯಕ್ಷರು ಕೇಳಿದರು. ಹೇಳಿದವರು ಇದೇ ಸಭೆಯಲ್ಲಿದ್ದಾರೆ, ಆದರೆ ಬರೆದ ಕೈ ನನ್ನದು, ಒಂದರ ಹಿಂದೆ ಒಂದು ಎರಡು ಮಾಪಕ ಒಂದೇ ಥರ ಕೆಡುವುದಿಲ್ಲ ಎಂದು ನನಗೆ ಆಗಲೇ ಅನಿಸಿತ್ತು, ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಿರಲಿಲ್ಲ, ನಿನ್ನೆ ರಾತ್ರಿ ಚಿಕ್ಕಮ್ಮ ಹೇಳಿದ ಮೇಲೆ ಗೊತ್ತಾಯಿತು ಎಂದಳು.

"ನನ್ನ ವರದಿ ನಾನು ವಾಪಸ್ ತಗೊಳ್ತಿದೀನಿ ಸರ್. ಆ ಕಾಲು ಮುಚ್ಚೋ ತನಕ ಅಲ್ಲಿ ಒಂದು ಸಿಲಿಂಡರಿನಷ್ಟು ಗ್ಯಾಸೂ ತುಂಬಬಾರ್ದು."

ಹೊಸ ಮಾಪಕವೂ ಏರಿದ್ದು ರುಕ್ಮಿಣಮ್ಮನಿಗೆ ಗೊತ್ತಿರಲಿಲ್ಲ. ರಾತ್ರಿ ಕೇಳುವಷ್ಟರಲ್ಲಿ ಫೋನು ಬಂದಿತ್ತು, ಆಮೇಲೆ ಸಿಟ್ಟಿನಲ್ಲಿ ಮರೆತೇ ಹೋಗಿತ್ತು. ಹಾಗಾದರೆ ಈ ಹುಡುಗಿ ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ತನ್ನ ಬಾಗಿಲಿಗೆ ಬಂದಿದ್ದಳು. ಬೆಂಗಳೂರಿನಿಂದ ಘಾಟಿ ಹತ್ತಿ ಬಂದದ್ದು ಸಹಿ ಕೇಳಲಿಕ್ಕೋ, ಬೇಡ ಎನ್ನಿಸಿಕೊಳ್ಳಲಿಕ್ಕೋ? ಅವಳಿಗೇ ಗೊತ್ತಿತ್ತೋ ಇಲ್ಲವೋ.

ಗಂಗಾಧರಪ್ಪನವರು ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ. ಒಪ್ಪಿಗೆ ಇಲ್ಲ ಎಂದರು. ಏಳನೇ ಬಾವಿಯ ಇನ್ನೊಂದು ಕಾಲನ್ನು ಹುಡುಕಬೇಕು, ಮುಚ್ಚಬೇಕು, ಪ್ರಯೋಗ ಮತ್ತೆ ಆಗಬೇಕು, ಆ ಎರಡೂ ಮಾಪಕಗಳ ಅಂಕಿ ಇದ್ದದ್ದು ಇದ್ದ ಹಾಗೆ ಸಮಿತಿಗೆ ಬರಬೇಕು ಎಂದರು. ಕೊನೆಗೆ ಕನ್ನಡದಲ್ಲಿ, ರುಕ್ಮಿಣಮ್ಮನವರೇ, ನಿಮ್ಮ ಕೂಗು ನಮ್ಮ ಮನೆಯ ಅಡುಗೆಮನೆಗೂ ಕೇಳಿಸಿತು, ನನ್ನಾಕೆ ಏನಾಯ್ತು ಅಂತ ಓಡಿ ಬಂದಳು ಎಂದು ನಕ್ಕು ಪರದೆ ಮುಚ್ಚಿದರು.

ಕಣದಲ್ಲಿ ಹಲಗೆಗಳ ಸದ್ದು ಮತ್ತೆ ಶುರುವಾಯಿತು. ಭೂತಯ್ಯ ಏನು ಕೇಳಬೇಕೆಂದು ತಿಳಿಯದೆ, ಕಾಫಿ ತರಿಸ್ಲಾ ಅಮ್ಮ ಎಂದ. ಕೃತಿಕಾ ಕಣದ ಅಂಚಿನ ಕಟ್ಟೆಯ ಮೇಲೆ ಕೂತು ತನ್ನ ಎರಡು ವರ್ಷವನ್ನು ನೋಡುವ ಹಾಗೆ ಎದುರಿನ ಗುಡ್ಡ ನೋಡುತ್ತಿದ್ದಳು. ರುಕ್ಮಿಣಮ್ಮ ಹತ್ತಿರ ಹೋದರು. ಅವಳ ತಲೆಯ ಮೇಲೆ ಕೈ ಇಟ್ಟರು.

ಅಷ್ಟರಲ್ಲಿ ಕೃತಿಕಾಳ ಫೋನು ಹೊಡೆದುಕೊಂಡಿತು. ಹರ್ಷವರ್ಧನ. ಅವಳು ಅದನ್ನು ಕಿವಿಗೆ ಹಿಡಿಯದೆ, ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಟ್ಟಳು. ಅವನ ಮಾತಿನಲ್ಲಿ ಈಗ ಇಸ್ತ್ರಿ ಇರಲಿಲ್ಲ. ನಾಳೆಯಿಂದ ಆಫೀಸಿಗೆ ಬರುವ ಅಗತ್ಯವಿಲ್ಲ ಎಂದ. ಇನ್ನು ಈ ದೇಶದ ಯಾವ ಕಂಪನಿಯಲ್ಲೂ ನಿನಗೆ ಕೆಲಸ ಸಿಗದ ಹಾಗೆ ನೋಡಿಕೊಳ್ಳುತ್ತೇನೆ ಎಂದ. ಗುಡ್ಡದ ಮೇಲೆ ಕೂತ ಒಂದು ಮುದುಕಿಯ ಅರಳುಮರಳಿಗೆ ಬಾಳು ಹಾಳು ಮಾಡಿಕೊಂಡೆಯಲ್ಲ ಎಂದ.

ರುಕ್ಮಿಣಮ್ಮನ ಮೈಯೆಲ್ಲ ಹತ್ತಿ ಉರಿಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಲವೋ ಎಂದು ಬಾಯಿ ತೆರೆದರು. ತೆರೆದದ್ದಷ್ಟೇ ಬಂತು. ಕೃತಿಕಾ ತಿರುಗಿ ನೋಡದೆಯೇ ಕೈ ಎತ್ತಿ ಚಿಕ್ಕಮ್ಮನನ್ನು ತಡೆದಳು. ಆ ತೋಟದಲ್ಲಿ ರುಕ್ಮಿಣಮ್ಮನ ಬಾಯಿಗೆ ಅಡ್ಡ ಕೈ ಹಿಡಿದವರು ಈ ತನಕ ಹುಟ್ಟಿರಲಿಲ್ಲ. ಹೆಂಗಸರು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡಿದರು. ಭೂತಯ್ಯ ಎರಡು ಹೆಜ್ಜೆ ಹಿಂದೆ ಸರಿದ.

ರುಕ್ಮಿಣಮ್ಮ ಬಾಯಿ ಮುಚ್ಚಿದರು. ಅವರ ಕಣ್ಣು ತುಂಬಿ ಬಂತು. ಎಲ್ಲರೆದುರಿಗೇ ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಸರ್, ಕೆಲಸದ ಮಾತು ಆಮೇಲೆ ಆಡೋಣ," ಎಂದಳು ಕೃತಿಕಾ. "ಮುದುಕಿ ಅಂದ್ರಲ್ಲ, ಮೊದ್ಲು ಅದನ್ನ ವಾಪಸ್ ತಗೊಳ್ಳಿ. ನಾನು ಕಾಯ್ತೀನಿ."